ಉಪ್ಪುಮಣ್ಣಿನ ಕಾಲುಚೀಲ

ಒಂದು ಕಾಡಿನ ಅಂಚಿನಲ್ಲಿ ಒಂದು ಮೃಗಾಲಯವಿತ್ತು. ಆ ಮೃಗಾಲಯದಲ್ಲಿ ಕಾಟಿಗಳ ಒಂದು ಸಣ್ಣ ಹಿಂಡಿತ್ತು. ಒಂದು ದಿನ ಬೆಳಿಗ್ಗೆ ಅವುಗಳ ಅಂಗಳದ ಹಿಂದಿನ ಗೇಟನ್ನು ಪೂರಾ ತೆರೆದಿಟ್ಟರು. ಗೇಟಿನಾಚೆ ಹಸಿರು ಕಾಡು. ತಡೆಯುವವರಿಲ್ಲ, ಅಟ್ಟುವವರಿಲ್ಲ. ವರ್ಷಗಟ್ಟಲೆ ಆ ಗೇಟಿನ ಕಡೆಗೇ ಮುಖಮಾಡಿ ಮಲಗುತ್ತಿದ್ದ ಕಾಟಿಗಳವು. ಆದರೆ ಅಂದು ಬಹಳ ಹೊತ್ತು ಒಂದಾದರೂ ಹೊರಗೆ ಕಾಲಿಡಲಿಲ್ಲ. ಏನಾಗಿತ್ತು, ಹೇಳಿ ನೋಡೋಣ?

ಹುಲಿಯ ಭಯವೆ? ಅಲ್ಲ. ಬಾನಿಯಲ್ಲಿ ಉಳಿದಿದ್ದ ಹುರುಳಿಯ ಆಸೆಯೆ? ಅದೂ ಅಲ್ಲ. ಗೇಟು ತೆರೆದದ್ದು ಕಾಣಿಸಲಿಲ್ಲವೆ? ಚೆನ್ನಾಗಿಯೇ ಕಾಣಿಸಿತ್ತು. ಇನ್ನೊಂದು ಸಲ ಯೋಚಿಸಿ. ಸೋತಿರಾ? ಹಾಗಾದರೆ ಮೊದಲಿನಿಂದ ಕೇಳಿ.

ಕಾಟಿ ಎಂದರೆ ಕಾಡುಕೋಣ. ಇಂಗ್ಲಿಷಿನವರು ಅದನ್ನು ಬೈಸನ್ ಎಂದು ಕರೆದು ಹೋದರು. ಏನೆಂದು ಕರೆಸಿಕೊಳ್ಳಲು ಇಷ್ಟ ಎಂದು ಕಾಟಿಯನ್ನು ಮಾತ್ರ ಯಾರೂ ಕೇಳಲಿಲ್ಲ. ಆಳೆತ್ತರದ ಪ್ರಾಣಿ. ಹೆಗಲ ಮೇಲೆ ಗುಡ್ಡದಂಥ ಏರು, ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಕಪ್ಪು ಮೈ. ಮೊಣಕಾಲಿನ ಕೆಳಗೆ ಮಾತ್ರ ಬಣ್ಣ ಬೇರೆ. ಶಾಲೆಗೆ ಹೊರಟ ಮಕ್ಕಳ ಹಾಗೆ ನಾಲ್ಕು ಕಾಲಿಗೂ ತಿಳಿಬಣ್ಣದ ಕಾಲುಚೀಲ! ದೇಹ ನೋಡಿದರೆ ಬೆಟ್ಟವನ್ನೇ ಗುದ್ದಿ ಬೀಳಿಸೀತು ಎನಿಸುತ್ತದೆ. ಸ್ವಭಾವ ನೋಡಿದರೆ ತೀರಾ ಸಂಕೋಚದ್ದು. ಯಾರಾದರೂ ದಿಟ್ಟಿಸಿ ನೋಡಿದರೆ ಸಾಕು, ಮುಖ ಆಚೆ ತಿರುಗಿಸುತ್ತದೆ.

ಹಾಗಾದರೆ ಇಂಥ ಪ್ರಾಣಿ ಮೃಗಾಲಯದಲ್ಲಿ ಯಾಕಿತ್ತು? ಕಾಡಿನ ಅಂಚಿನ ಊರುಗಳ ದನಗಳು ಕಾಡಿಗೆ ಮೇಯಲು ಹೋಗುತ್ತವೆ. ಅವುಗಳ ರೋಗ ಕಾಟಿಗಳಿಗೆ ತಗುಲುತ್ತದೆ. ಕೆಲವೊಮ್ಮೆ ಎರಡೂ ಬೆರೆತು ಬೆರಕೆ ಕರುಗಳೂ ಹುಟ್ಟುವುದುಂಟು. ಬಿತ್ತನೆಗೆಂದು ಒಳ್ಳೆಯ ಕಾಳನ್ನು ಬೇರೆ ಮಡಕೆಯಲ್ಲಿ ತೆಗೆದಿಡುತ್ತಾರಲ್ಲ, ಹಾಗೆ ಮೃಗಾಲಯದವರು ಒಂದಿಷ್ಟು ಕಾಟಿಗಳನ್ನು ಬೇರೆ ಇಟ್ಟು ಸಾಕಿದ್ದರು. ಹಿಂಡು ಬೆಳೆದ ಮೇಲೆ ಮತ್ತೆ ಕಾಡಿಗೇ ಬಿಡುವುದು ಅವರ ಲೆಕ್ಕಾಚಾರ. ಕೆಲಸವೇನೋ ಒಳ್ಳೆಯದೇ. ತೊಂದರೆ ಬಂದದ್ದು ಮನುಷ್ಯರಿಂದಲ್ಲ.

ಹಿಂಡಿನ ಯಜಮಾನಿ ಹಿರೇಮುತ್ತಿ. ವಯಸ್ಸಾದ ಹಸು, ಒಂದು ಕೊಂಬಿನ ತುದಿ ಮುರಿದಿತ್ತು. ಎಲ್ಲರೂ ಅವಳನ್ನು ದೊಡ್ಡವ್ವ ಎನ್ನುತ್ತಿದ್ದರು. ಬೆಟ್ಟಪ್ಪ ಎಂಬುದು ದೊಡ್ಡ ಗೂಳಿ. ಹೆಸರಿಗೆ ತಕ್ಕ ಮೈ. ಬುದ್ಧಿ ಮಾತ್ರ ಯಾರು ಕೊನೆಗೆ ಮಾತಾಡಿದರೋ ಅವರದ್ದು. ಇವರ ಜೊತೆ ನಾಲ್ಕೈದು ಹಸುಗಳು. ಅವರಲ್ಲಿ ಒಬ್ಬಳು ಕಪಿಲೆ. ಅವಳಿಗೆ ಹೊನ್ನ ಎಂಬ ಎಳೆಗರು. ಹುಟ್ಟಿದಾಗ ಹೊಂಬಣ್ಣ ಇದ್ದನೆಂದು ಆ ಹೆಸರು.

ಕಪಿಲೆ ಮೃಗಾಲಯದಲ್ಲೇ ಹುಟ್ಟಿದವಳು. ಕಾಡನ್ನು ಅವಳು ಕಂಡದ್ದು ಗೇಟಿನ ಸಂದಿಯಿಂದ. ಆದರೆ ಅವಳ ತಾಯಿ ಕಾಡಿನವಳು. ಮೊದಲ ಮಳೆಗೆ ಏಳುವ ಎಳೆಬಿದಿರಿನ ರುಚಿಯನ್ನು ಆ ತಾಯಿ ದಿನವೂ ವರ್ಣಿಸುತ್ತಿದ್ದಳು; ವರ್ಣಿಸುತ್ತಲೇ ಮುದಿಯಾಗಿ ಸತ್ತಳು. ಕಪಿಲೆಗೆ ಇದ್ದದ್ದು ಒಂದೇ ಆಸೆ. ತನ್ನ ಹೊನ್ನ ಆ ಬಿದಿರನ್ನು ಬಾಯಿಂದಲೇ ಅರಿಯಬೇಕು, ಕಿವಿಯಿಂದಲ್ಲ.

ಒಂದು ದಿನ ಡಾಕ್ಟರು ಬಂದರು. ಒಬ್ಬೊಬ್ಬರ ಕಿವಿಯಿಂದಲೂ ಒಂದು ಚೂರು ಚರ್ಮ ತೆಗೆದುಕೊಂಡು ಹೋದರು. ಮರುವಾರದಿಂದ ಕಾಟಿಗಳನ್ನು ನೋಡಿಕೊಳ್ಳುವ ಜಡೆಮಾದು ಹಿಂದಿನ ಗೇಟಿನ ತುಕ್ಕಿಗೆ ಎಣ್ಣೆ ಹಾಕತೊಡಗಿದ. ಏನೋ ನಡೆಯಲಿದೆ ಎಂದು ಕಾಟಿಗಳಿಗೆ ಗೊತ್ತಾಯಿತು. ಏನೆಂದು ಗೊತ್ತಾಗಲಿಲ್ಲ. ಅವುಗಳಿಗೆ ಮನುಷ್ಯರ ಮಾತು ತಿಳಿಯುತ್ತಿರಲಿಲ್ಲ.

ತಿಳಿಯುತ್ತಿದ್ದದ್ದು ಲಾಂಗೂಲಯ್ಯನಿಗೆ.

ಲಾಂಗೂಲಯ್ಯ ಒಂದು ಮುಸುವ. ಅಂಗಳದ ಅತ್ತಿಮರದಿಂದ ಇಳಿದರೆ ಮೃಗಾಲಯ, ಬೇಲಿ ಹಾರಿದರೆ ಕಾಡು. ಎರಡೂ ಕಡೆ ಅವನಿಗೆ ಮನೆ. ಕರಿಮೂತಿ, ಬಿಳಿ ಹುಬ್ಬು. ಎಲ್ಲಕ್ಕಿಂತ ಮಿಗಿಲಾಗಿ ಒಂದು ಬಾಲ. ಎಂಥ ಬಾಲ! ಮೈಗಿಂತ ಉದ್ದ, ತುದಿಯಲ್ಲಿ ಸೊಂಪಾದ ಕುಚ್ಚು. ಕೂತಲ್ಲೆಲ್ಲ ಬಾಲವನ್ನು ತೊಡೆಯ ಮೇಲೆ ಎಳೆದುಕೊಂಡು ಬೆರಳಲ್ಲೇ ಬಾಚುತ್ತಿದ್ದ. ದಿನವೂ ಆಫೀಸಿನ ಕಿಟಕಿಯ ಮೇಲೆ ಕೂತು, ಒಳಗಿನವರ ಮಾತನ್ನೆಲ್ಲ ಕೇಳಿ ಕೇಳಿ ಕಲಿತಿದ್ದ.

ಅವನ ಕಣ್ಣು ಬಹಳ ದಿನದಿಂದ ಕಾಟಿಗಳ ಬಾನಿಯ ಮೇಲಿತ್ತು. ಜಡೆಮಾದು ಬೆಳಿಗ್ಗೆ ಪ್ರತಿಯೊಬ್ಬರಿಗೂ ಬೇಯಿಸಿದ ಹುರುಳಿ ಹಾಕಿ, ಮೇಲೆ ಒಂದು ಬೆಲ್ಲದ ಉಂಡೆ ಇಟ್ಟು ಹೋಗುತ್ತಿದ್ದ. ಆದರೆ ಕೊಂಬಿನ ಸಾಲಿನ ನಡುವೆ ಕೈ ಹಾಕುವವರು ಯಾರು? ಕೈಗೆ ಸುಲಭವಾಗಿ ಸಿಕ್ಕಿದ್ದು ಒಂದೇ: ಕಾಟಿಗಳು ನೆಕ್ಕಲೆಂದು ಅತ್ತಿಮರದ ಕೊಂಬೆಗೆ ಹಗ್ಗದಲ್ಲಿ ಕಟ್ಟಿದ್ದ ಉಪ್ಪಿನ ಇಟ್ಟಿಗೆ. ಬೇಸಿಗೆಯಲ್ಲೇ ಅದನ್ನು ಬಿಚ್ಚಿಕೊಂಡು ಹೋಗಿ ಮರದ ಪೊಟರೆಯಲ್ಲಿ ಅಡಗಿಸಿದ್ದ. ಆಗಾಗ ಒಂದು ಚೂರು ಕೆರೆದು ತಿನ್ನುತ್ತಿದ್ದ. ಇಟ್ಟಿಗೆ ಕಾಣದೆ ಜಡೆಮಾದು, "ಏನ್ರಪ್ಪಾ, ಹಗ್ಗ ಒಂದು ಬಿಟ್ಟು ಎಲ್ಲಾ ತಿಂದು ಮುಗಿಸಿದ್ದೀರಲ್ಲ!" ಎಂದು ನಕ್ಕು, ಹೊಸದಕ್ಕೆ ಆಫೀಸಿಗೆ ಹೇಳಿದ. ಹೊಸದು ಬಂದಿರಲಿಲ್ಲ. ಆಫೀಸಿನ ಮೂಲಕ ಬರಬೇಕಾದ ಉಪ್ಪು, ಬರುವಾಗ ಬರುತ್ತದೆ. ಅಲ್ಲಿಯವರೆಗೆ ಕಾಟಿಗಳ ನಾಲಿಗೆ ಸಪ್ಪೆ.

ಹೀಗಿರುವಾಗ ಒಂದು ದಿನ ಆಫೀಸಿನ ಕಿಟಕಿಯಲ್ಲಿ ಲಾಂಗೂಲಯ್ಯನಿಗೆ ಡಾಕ್ಟರ ಮಾತು ಕೇಳಿಸಿತು. "ಎಲ್ಲವೂ ಶುದ್ಧ ತಳಿ ಕಣ್ರೀ, ಕರುವಿನ ಸಮೇತ. ಒಂದರಲ್ಲೂ ಬೆರಕೆ ಇಲ್ಲ. ಮುಂದಿನ ಮಂಗಳವಾರ ಬಿಟ್ಟುಬಿಡೋಣ."

ಒಳ್ಳೆಯ ಸುದ್ದಿ. ಓಡಿ ಹೋಗಿ ಹೇಳಿದ್ದರೆ ಕಾಟಿಗಳು ಕುಣಿಯುತ್ತಿದ್ದವು. ಆದರೆ ಒಳ್ಳೆಯ ಸುದ್ದಿಗೆ ಬೆಲ್ಲ ಕೊಡುವವರು ಯಾರು? ಲಾಂಗೂಲಯ್ಯ ಬಾಲ ಬಾಚುತ್ತಾ ಯೋಚಿಸಿದ. ಆಮೇಲೆ ಅತ್ತಿಮರದಿಂದ ಇಳಿದು, ಮೂತಿ ಚಿಕ್ಕದು ಮಾಡಿಕೊಂಡು ಹಿರೇಮುತ್ತಿಯ ಮುಂದೆ ಕೂತ.

"ಸುದ್ದಿ ಏನಯ್ಯಾ?" ಹಿರೇಮುತ್ತಿ ಕೇಳಿದಳು.

"ಅರ್ಧ ಸಿಹಿ, ಅರ್ಧ ಕಹಿ, ದೊಡ್ಡವ್ವ. ಮುಂದಿನ ಮಂಗಳವಾರ ಗೇಟು ತೆಗೀತಾರೆ."

ಕಾಟಿಗಳೆಲ್ಲ ಕಿವಿ ನಿಮಿರಿಸಿ ಹತ್ತಿರ ಬಂದವು.

"ಆದ್ರೆ ಶುದ್ಧ ತಳಿ ಆದೋರಿಗೆ ಮಾತ್ರ ಕಾಡು. ಹಳ್ಳದ ಹತ್ರ ಕಾಡಿನ ಹಿಂಡು ಕಾಯ್ತಾ ಇರ್ತದೆ. ಅದರ ಯಜಮಾನಿ ಮುಖ ನೋಡೋದಿಲ್ಲ, ಕೊಂಬು ನೋಡೋದಿಲ್ಲ. ಕಾಲು ನೋಡ್ತಾಳೆ. ಕಾಲುಚೀಲ ಹಾಲಿನ ಹಾಗೆ ಬೆಳ್ಳಗಿದ್ರೆ ಬಾ ಅಂತಾಳೆ. ಮಾಸಲು ಬಣ್ಣ ಕಂಡ್ರೆ ಊರದನದ ಬೆರಕೆ ಅಂತಾಳೆ. ಒಬ್ಬರು ಸಿಕ್ಕಿಬಿದ್ರೆ ಸಾಕು, ಇಡೀ ಹಿಂಡನ್ನೇ ವಾಪಸ್ ಅಟ್ಟುತ್ತಾಳೆ!"

"ಹಂಗಾದ್ರೆ ನಮಗೇನು ಭಯ? ನಮ್ಮ ಕಾಲೆಲ್ಲ ಬಿಳಿಯೇ ತಾನೆ?" ಎಂದ ಬೆಟ್ಟಪ್ಪ.

"ಹೌದಪ್ಪಾ, ನಿನ್ನದು ಬಿಳಿಯೇ," ಎಂದ ಲಾಂಗೂಲಯ್ಯ. ಎಲ್ಲರೂ ತಮ್ಮ ತಮ್ಮ ಕಾಲು ನೋಡಿಕೊಂಡರು. ಅಂಗಳದ ಕೆಮ್ಮಣ್ಣು, ಸಗಣಿ, ಕೆಸರು. ಯಾರ ಕಾಲಿನ ನಿಜವಾದ ಬಣ್ಣವೂ ಯಾರಿಗೂ ಕಾಣುತ್ತಿರಲಿಲ್ಲ. ಅಲ್ಲಿಯವರೆಗೆ ಅದನ್ನು ನೋಡಬೇಕೆಂದು ಯಾರಿಗೂ ಅನಿಸಿರಲೂ ಇಲ್ಲ.

ಅನಿಸಿದ್ದು ಅಂದೇ. ಅಂದಿನಿಂದ ಒಬ್ಬೊಬ್ಬರೇ, ಯಾರಿಗೂ ಕಾಣದ ಹಾಗೆ, ನೀರಿನ ತೊಟ್ಟಿಯ ಹಿಂದೆ ಹೋಗಿ ಕಾಲು ತೊಳೆದು ನೋಡಿಕೊಂಡರು. ಕಾಲು ಹಾಲಿನ ಹಾಗೆ ಇರಲಿಲ್ಲ, ಗೋಧಿಯ ಹಾಗಿತ್ತು! ಬಿಸಿಲು ಬೆಟ್ಟದ ಕಡೆಯ ಕಾಟಿಗಳ ಕಾಲೇ ಹಾಗೆ. ಗೋಧಿಬಣ್ಣದ ಕಾಲು ಇದ್ದ ಮಾತ್ರಕ್ಕೆ ಯಾವ ಕಾಟಿಯೂ ಬೆರಕೆಯಾಗುವುದಿಲ್ಲ. ಆದರೆ ಅದನ್ನು ಪಕ್ಕದವರ ಹತ್ತಿರ ಕೇಳಿ ತಿಳಿಯೋಣವೆಂದರೆ, ಕೇಳಿದವರೇ ಸಿಕ್ಕಿಬೀಳುತ್ತಾರಲ್ಲ! ಪ್ರತಿಯೊಬ್ಬರೂ ಹಿಂಡಿನಲ್ಲಿ ತಾನೊಬ್ಬನೇ ಬೆರಕೆ, ತಾನೊಬ್ಬಳೇ ಬೆರಕೆ ಎಂದುಕೊಂಡರು. ಬೇಗ ಬೇಗ ಕಾಲಿಗೆ ಕೆಸರು ಮೆತ್ತಿಕೊಂಡು, ಏನೂ ಆಗದವರ ಹಾಗೆ ಮೆಲುಕು ಹಾಕುತ್ತಾ ಬಂದರು.

ತೊಟ್ಟಿಯ ಮೇಲೆ ಕೂತು ಲಾಂಗೂಲಯ್ಯ ಎಲ್ಲವನ್ನೂ ನೋಡುತ್ತಿದ್ದ.

"ಬೆಟ್ಟಪ್ಪಾ," ಎಂದ ಮೆಲ್ಲಗೆ, ಗೂಳಿ ಒಂಟಿಯಾಗಿ ಸಿಕ್ಕಿದಾಗ. "ನಾನು ಯಾರಿಗೂ ಹೇಳೋದಿಲ್ಲ. ಮಂಗಳವಾರ ಬೆಳಿಗ್ಗೆ ಇಲ್ಲಿಗೆ ಬಾ. ನಿನ್ನ ಕಾಲನ್ನ ಕೊಕ್ಕರೆಗಿಂತ ಬೆಳ್ಳಗೆ ಮಾಡ್ತೀನಿ. ಅಲ್ಲೀವರೆಗೆ ನಿನ್ನ ಹುರುಳೀಲಿ ಒಂದು ಪಾಲು, ಬೆಲ್ಲದ ಉಂಡೆ ಪೂರ್ತಿ ನನಗೆ ಬಿಡು."

"ಬೇರೆಯವರಿಗೆ ಗೊತ್ತಾಗೋದಿಲ್ಲ ತಾನೆ?"

"ಬೇರೆಯವರು? ಅವರೆಲ್ಲ ಅಪ್ಪಟ ಶುದ್ಧ ಕಣಪ್ಪ. ಅವರಿಗೆ ಗೊತ್ತಾದ್ರೆ ನಿನ್ನ ಗತಿ!"

ಇದೇ ಮಾತನ್ನು ಹಿರೇಮುತ್ತಿಗೂ ಹೇಳಿದ. ಉಳಿದ ಹಸುಗಳಿಗೂ ಹೇಳಿದ. ಕಪಿಲೆಗೂ ಹೇಳಿದ. ಬಾನಿಯ ಮುಂದೆ ಈಗ ಲಾಂಗೂಲಯ್ಯನೇ ಮೊದಲು ಕೂರುತ್ತಿದ್ದ. ಪ್ರತಿ ಬಾನಿಯಲ್ಲೂ ಕೈ ಹಾಕುತ್ತಿದ್ದ. ಎಲ್ಲರೂ ಬೇರೆ ಕಡೆ ನೋಡುತ್ತಾ ನಿಲ್ಲುತ್ತಿದ್ದರು. ಮೊದಲೇ ಹೇಳಿದೆನಲ್ಲ, ಮುಖ ತಿರುಗಿಸುವುದು ಕಾಟಿಗಳಿಗೆ ಹುಟ್ಟುಗುಣ.

ಕಪಿಲೆಯೂ ಮೊದಲು ಕೊಟ್ಟಳು. ಕೊಟ್ಟ ಕೂಡಲೇ ಅವಳಿಗೆ ಅದರ ಪೆಟ್ಟು ಬಿತ್ತು. ಹಾಲೂಡಿಸುವ ಹಸುವಿಗೆ ಹೊಟ್ಟೆ ತುಂಬ ಬೇಕು. ಹುರುಳಿ ಕಡಿಮೆಯಾದರೆ ಹಾಲು ಕಡಿಮೆ. ಹೊನ್ನ ಕೆಚ್ಚಲನ್ನು ಗುದ್ದಿ ಗುದ್ದಿ, ಏನೂ ಸಿಗದೆ, ಅವಳ ಹೊಟ್ಟೆಗೆ ತಲೆಯಿಟ್ಟು ಅರಚಿದ.

ಮರುದಿನ ಬೆಳಿಗ್ಗೆ ಲಾಂಗೂಲಯ್ಯ ಬಾನಿಯ ಹತ್ತಿರ ಬಂದಾಗ ಕಪಿಲೆ ಕೊಂಬು ತಗ್ಗಿಸಿ ಅಡ್ಡ ನಿಂತಳು.

"ಏನು ಕಪಿಲಮ್ಮ, ಕಾಡು ಬೇಡವಾಯ್ತೆ?"

"ಬೇಕು. ಕರೂನೂ ಬೇಕು. ಅವನ ಹಾಲು ನಿನಗೆ ಸುರಿದು ನಾನ್ಯಾವ ಕಾಡಿಗೆ ಹೋಗಲಿ?"

"ಯೋಚನೆ ಮಾಡು. ನಿನ್ನ ಕಾಲು ಗೋಧಿಬಣ್ಣ. ನಿನ್ನ ಕರುವಿನ ಕಾಲಲ್ಲಂತೂ ಚೀಲವೇ ಇಲ್ಲ!"

"ಅವನಿನ್ನೂ ಎಳೆಗರು. ಬೆಳೀತಾ ಬರ್ತದೆ."

"ಹಂಗಂತ ಹಳ್ಳದ ಹತ್ರ ಹೇಳ್ತೀಯಾ?"

"ಹಳ್ಳದ ಹತ್ರಾನೂ ಹೇಳ್ತೀನಿ. ಈಗ ಕೈ ತೆಗಿ."

ಲಾಂಗೂಲಯ್ಯನಿಗೆ ಒಂದು ಬಾನಿ ಹೋದದ್ದಕ್ಕಿಂತ ಬೇರೆ ಭಯ ಹುಟ್ಟಿತು. ಒಬ್ಬಳು ಕೊಡುವುದಿಲ್ಲ ಎಂದದ್ದು ಗೊತ್ತಾದರೆ ಉಳಿದವರೂ ಕೊಡಲಿಕ್ಕಿಲ್ಲ. ಅವನು ಅತ್ತಿಮರ ಹತ್ತಿ ಎಲ್ಲರಿಗೂ ಕೇಳುವ ಹಾಗೆ ಕೂಗಿದ: "ಕೇಳಿರಪ್ಪೋ! ಈ ಹಿಂಡಿನಲ್ಲಿ ಒಂದು ಬೆರಕೆ ಇದೆ! ಕಪಿಲೆಯ ಕಾಲು ತೊಳೆದು ನೋಡಿ!"

ಅಂಗಳದಲ್ಲಿ ಎಂಥ ಗದ್ದಲವೆದ್ದಿತು ಅಂತೀರಿ! ತಮ್ಮ ಕಾಲಿನ ಗುಟ್ಟು ಬಚ್ಚಿಟ್ಟುಕೊಂಡಿದ್ದವರೆಲ್ಲ ಕಪಿಲೆಯ ಮೇಲೆ ಬಿದ್ದರು. ಗುಟ್ಟು ದೊಡ್ಡದಾದಷ್ಟೂ ಗಂಟಲು ದೊಡ್ಡದಾಗಿತ್ತು.

"ನನಗೆ ಮೊದಲಿಂದಲೂ ಅನುಮಾನ ಇತ್ತು," ಎಂದಳು ಹಸುಗಳಲ್ಲೊಬ್ಬಳು. "ಅವಳ ಅಂಬಾ ಕೇಳಿ, ಊರದನದ್ದೇ ರಾಗ!"

"ನಿಮ್ಮಮ್ಮ ಕಾಡಿನವಳು ಅಂತ ಯಾರು ಕಂಡಿದ್ದಾರೆ?" ಎಂದಳು ಇನ್ನೊಬ್ಬಳು.

"ಅಕ್ಕಾ, ನೀನೇ ಕಂಡಿದ್ದೀಯಲ್ಲ," ಎಂದಳು ಕಪಿಲೆ. "ಅವಳ ಬೆನ್ನಿಗೆ ಬೆನ್ನು ಹಚ್ಚಿ ಮಲಗ್ತಿದ್ದೆ."

ಅಕ್ಕ ಮುಖ ತಿರುಗಿಸಿದಳು.

ಕಪಿಲೆ ಹಿರೇಮುತ್ತಿಯ ಕಡೆ ನೋಡಿದಳು. "ದೊಡ್ಡವ್ವ, ನೀನು ಎಷ್ಟು ಕರು ಹಾಕಿದವಳು. ಹುಟ್ಟಿದ ಕರುವಿಗೆ ಕಾಲುಚೀಲ ಇರ್ತದಾ? ನೀನೇ ಹೇಳು."

ಹಿರೇಮುತ್ತಿಗೆ ಉತ್ತರ ಗೊತ್ತಿತ್ತು. ಹೇಳಿದರೆ ಎಲ್ಲರ ಕಣ್ಣು ತನ್ನ ಕಾಲಿನ ಮೇಲೆ ಬೀಳುತ್ತದೆ ಎಂಬುದೂ ಗೊತ್ತಿತ್ತು. "ನನಗೆ ವಯಸ್ಸಾಯ್ತು ಮಗಳೇ, ನೆನಪಿಲ್ಲ," ಎಂದಳು.

ಬೆಟ್ಟಪ್ಪ ತೀರ್ಮಾನ ಹೇಳಿದ. "ನೀನೂ ನಿನ್ನ ಕರುವೂ ಮೂಲೆಗೆ ಹೋಗಿ. ಮಂಗಳವಾರ ಗೇಟು ತೆಗೆದಾಗ ಅಲ್ಲೇ ಇರಬೇಕು. ನಿಮ್ಮಿಬ್ಬರಿಂದ ಎಲ್ಲರೂ ವಾಪಸ್ ಬರೋ ಹಾಗೆ ಆಗಬಾರದು."

ಕಪಿಲೆ ಹೊನ್ನನನ್ನು ಕರೆದುಕೊಂಡು ಗೋಡೆಯ ಮೂಲೆಗೆ ಹೋದಳು. ಅಲ್ಲಿಂದ ಗೇಟು ದೂರ. ಕಂದಕದಾಚೆ ನಿಂತ ಜನ ಮಾತ್ರ ಹತ್ತಿರ. ಅವರು ಎಸೆದ ಚುರುಮುರಿಯ ಪೊಟ್ಟಣಗಳು ಗಾಳಿಗೆ ಹಾರಿ ಬಂದು ಅವಳ ಕಾಲಿಗೆ ಅಂಟಿಕೊಳ್ಳುತ್ತಿದ್ದವು. ಹೊನ್ನ ಅದರಲ್ಲೊಂದನ್ನು ಬಾಯಿಗೆ ಹಾಕಿಕೊಂಡ. ಕಪಿಲೆ ಕೊಂಬಿನಿಂದ ಮೆಲ್ಲಗೆ ಸರಿಸಿದಳು.

"ಅಮ್ಮಾ, ಬಿದಿರು ಹಿಂಗೇ ಇರ್ತದಾ?" ಎಂದು ಕೇಳಿದ ಹೊನ್ನ.

ಕಪಿಲೆ ದೂರದ ಗೇಟಿನ ಕಡೆ ನೋಡಿದಳು. ಅವನ ಕಿವಿ ನೆಕ್ಕಿದಳು.

ಮಂಗಳವಾರ ಬಂತು. ಮೃಗಶಿರ ಮಳೆ ಶುರುವಾಗಿ ಕಾಡೆಲ್ಲ ಚಿಗುರಿತ್ತು. ಬೆಳಕು ಹರಿಯುತ್ತಲೇ ಲಾಂಗೂಲಯ್ಯ ತೊಟ್ಟಿಯ ಹಿಂದೆ ಅಂಗಡಿ ತೆರೆದ. ಹಳ್ಳದ ದಿಣ್ಣೆಯಿಂದ ಬಿಳಿಮಣ್ಣು ತಂದಿದ್ದ. ನೀರು ಬೆರೆಸಿ ಕಲಸಿದ. ಹಚ್ಚಲು ಕುಂಚ ಬೇಕಲ್ಲ? ಬಾಲದ ಕುಚ್ಚಿಗಿಂತ ಒಳ್ಳೆಯ ಕುಂಚ ಯಾವುದು? ಮಣ್ಣಿನಲ್ಲಿ ಬಾಲ ಅದ್ದಿ ಅದ್ದಿ, ಒಬ್ಬೊಬ್ಬರ ಕಾಲಿಗೂ ಸರಕ್ ಸರಕ್ಕೆಂದು ಬಳಿದ. ನೀರು ಕುಡಿಯುವ ನೆಪದಲ್ಲಿ ಒಬ್ಬೊಬ್ಬರೇ ಬಂದರು, ಬೆಳ್ಳಗಿನ ಕಾಲಿನಲ್ಲಿ ಒಬ್ಬೊಬ್ಬರೇ ಹೋದರು.

"ಒಣಗೋ ತನಕ ಯಾರ ಹತ್ರಾನೂ ನಿಲ್ಲಬೇಡ," ಎಂದು ಎಲ್ಲರಿಗೂ ಎಚ್ಚರಿಕೆ ಹೇಳಿದ.

ಹಾಗಾಗಿ ಅಂದು ಕಾಟಿಗಳು ಅಂಗಳದಲ್ಲಿ ದೂರ ದೂರ, ಹೊಸ ಪಂಚೆ ಉಟ್ಟವರ ಹಾಗೆ ಕಾಲು ಅಗಲಿಸಿ ನಿಂತವು. ಜಡೆಮಾದು ಗೇಟು ತೆರೆಯಲು ಬಂದವನು ಕಣ್ಣುಜ್ಜಿಕೊಂಡ. "ಕಾಡಿಗೆ ಹೋಗೋಕೆ ಕಾಲು ತೊಳ್ಕೊಂಡು ರೆಡಿಯಾಗಿದ್ದೀರಲ್ರಪ್ಪಾ!" ಎಂದ. ಗೇಟು ತೆರೆದ. ಮನುಷ್ಯರ ವಾಸನೆಗೆ ಕಾಟಿಗಳು ಹೆದರಬಾರದೆಂದು, ಡಾಕ್ಟರ ಜೊತೆ ಆಫೀಸಿನ ಕಡೆ ಟೀ ಕುಡಿಯಲು ಹೋದ.

ಮುಂದೆ ಮಳೆ ಬಂದು ಬಣ್ಣ ತೊಳೆಯಿತು ಎಂದುಕೊಂಡಿರಾ? ಇಲ್ಲ. ಅಂದು ಒಂದು ಹನಿಯೂ ಬೀಳಲಿಲ್ಲ. ಲಾಂಗೂಲಯ್ಯ ಆಕಾಶ ನೋಡಿಯೇ ಕೆಲಸಕ್ಕೆ ಇಳಿದಿದ್ದ. ಅವನು ನೋಡದೇ ಇದ್ದದ್ದು ಬೇರೊಂದನ್ನು. ಹಳ್ಳದ ದಿಣ್ಣೆಯ ಬಿಳಿಮಣ್ಣು ಬರೀ ಮಣ್ಣಲ್ಲ, ಉಪ್ಪುಮಣ್ಣು. ಕಾಡಿನ ಜಿಂಕೆ, ಕಡವೆ, ಆನೆ, ಕಾಟಿ ಎಲ್ಲವೂ ನೆಕ್ಕಲು ಹೋಗುವ ಮಣ್ಣು. ಪೊಟರೆಯಲ್ಲಿ ಉಪ್ಪಿನ ಇಟ್ಟಿಗೆಯೇ ಇದ್ದ ಲಾಂಗೂಲಯ್ಯನಿಗೆ ಅದರ ವಾಸನೆ ಬಂದರೂ ಲಕ್ಷ್ಯವಿರಲಿಲ್ಲ. ಬೇಸಿಗೆಯಿಂದ ಉಪ್ಪು ಕಾಣದ ಕಾಟಿಗಳಿಗೆ?

ಮಣ್ಣು ಒಣಗುತ್ತಾ ಬಂದ ಹಾಗೆ ಒಬ್ಬೊಬ್ಬರ ಮೂಗಿಗೂ ಅಡರಿತು. ಬಾಯಲ್ಲಿ ನೀರು ಸುರಿಯಿತು. ತಮ್ಮ ಕಾಲನ್ನು ತಾವೇ ನೆಕ್ಕಲು ತಲೆ ತಾನಾಗಿ ಬಗ್ಗುತ್ತಿತ್ತು. ಆದರೆ ನೆಕ್ಕಿದರೆ ಬಣ್ಣ ಹೋಗುತ್ತದೆ, ಬಣ್ಣ ಹೋದರೆ ಗುಟ್ಟು ಹೋಗುತ್ತದೆ! ಎಲ್ಲರೂ ಹಲ್ಲು ಕಚ್ಚಿ, ಜೊಲ್ಲು ನುಂಗಿ, ಕತ್ತು ನೆಟ್ಟಗೆ ಮಾಡಿ ಸಹಿಸಿದರು.

ಹಿಂಡಿನಲ್ಲಿ ಬಚ್ಚಿಡಲು ಏನೂ ಇಲ್ಲದಿದ್ದವಳು ಒಬ್ಬಳೇ.

ಗೇಟು ತೆರೆದದ್ದು ಕಂಡು ಕಪಿಲೆಗೆ ಮೂಲೆಯಲ್ಲಿ ನಿಲ್ಲಲಾಗಲಿಲ್ಲ. ಹೊನ್ನನನ್ನು ಪಕ್ಕಕ್ಕೆ ಒತ್ತಿಕೊಂಡು ನಡೆದು ಬಂದಳು. ಬೆಟ್ಟಪ್ಪ ಅಡ್ಡ ಬಂದು ನಿಂತ.

"ಹಿಂದಕ್ಕೆ ಹೋಗು ಅಂದೆ."

"ಅಣ್ಣಾ, ನನ್ನನ್ನ ಬೇಕಾದ್ರೆ ಬಿಟ್ಟು ಹೋಗು. ಇವನನ್ನ ಜೊತೇಲಿ ಕರ್ಕೊಂಡು ಹೋಗು," ಎಂದು ಕಪಿಲೆ ತಲೆ ತಗ್ಗಿಸಿದಳು. ತಗ್ಗಿಸಿದ್ದು ಬೇಡುವುದಕ್ಕೆ. ಆದರೆ ತಲೆ ತಗ್ಗಿದಾಗ ಅವಳ ಮೂಗು ಬಂದು ನಿಂತದ್ದು ಸರಿಯಾಗಿ ಬೆಟ್ಟಪ್ಪನ ಮುಂಗಾಲಿನ ಮುಂದೆ.

ಹಾಲೂಡಿಸುವ ಹಸು. ಉಪ್ಪಿನ ಹಸಿವು ಎಲ್ಲರಿಗಿಂತ ಹೆಚ್ಚು. ಬೇಡುತ್ತಿದ್ದದ್ದು ಅವಳಿಗೆ ಮರೆತೇ ಹೋಯಿತು. ನಾಲಿಗೆ ಹೊರಬಂತು. ಬೆಟ್ಟಪ್ಪನ ಕಾಲನ್ನು ಕೆಳಗಿಂದ ಮೇಲಕ್ಕೆ ಒಂದೇ ಎಳೆತಕ್ಕೆ ನೆಕ್ಕಿದಳು.

"ಏಯ್! ಏನೇ ಮಾಡ್ತಿದ್ದೀಯ?"

"ಉಪ್ಪು!" ಎಂದಳು ಕಪಿಲೆ, ಬಾಯಿ ಚಪ್ಪರಿಸಿ. "ಅಣ್ಣಾ, ನಿನ್ನ ಕಾಲಲ್ಲಿ ಉಪ್ಪಿದೆ!"

ಆ ಒಂದು ಮಾತು ಅಂಗಳದಲ್ಲಿ ಬಿದ್ದದ್ದೇ ತಡ, ಕಟ್ಟೆ ಒಡೆಯಿತು. ತಮ್ಮ ಕಾಲು ನೆಕ್ಕಿಕೊಳ್ಳಲು ಹೆದರಿದ್ದವರಿಗೆ ಪಕ್ಕದವರ ಕಾಲು ನೆಕ್ಕಲು ಏನು ಭಯ? ಬೆಟ್ಟಪ್ಪ ಹಿರೇಮುತ್ತಿಯ ಕಾಲಿಗೆ ಬಾಯಿ ಹಾಕಿದ. ಹಿರೇಮುತ್ತಿ ಅಕ್ಕನ ಕಾಲಿಗೆ. ಅಕ್ಕ ಪಕ್ಕದ ಹಸುವಿನ ಕಾಲಿಗೆ. ಬೆಟ್ಟದಂಥ ಪ್ರಾಣಿಗಳೆಲ್ಲ ಸುತ್ತು ಕಟ್ಟಿ ನಿಂತು, ಒಂದರ ಕಾಲನ್ನು ಇನ್ನೊಂದು ನೆಕ್ಕುತ್ತಾ, ಕಣ್ಣು ಮುಚ್ಚಿ ಲೊಟಕ್ ಲೊಟಕ್ ಎನಿಸುತ್ತಿದ್ದವು. ಹೊನ್ನ ಹೊಟ್ಟೆಗಳ ಕೆಳಗೆ ನುಸುಳಿ ಎಲ್ಲರಲ್ಲೂ ಒಂದೊಂದು ರುಚಿ ನೋಡಿದ. ಗೇಟು ಹಾರುಹೊಡೆದಿತ್ತು. ಕಾಡು ಕಾಯುತ್ತಿತ್ತು. ಒಬ್ಬರಾದರೂ ಆ ಕಡೆ ನೋಡಲಿಲ್ಲ. ಮೊದಲು ಕೇಳಿದ ಒಗಟಿಗೆ ಈಗ ಉತ್ತರ ಸಿಕ್ಕಿತಲ್ಲ?

ಉಪ್ಪು ಮುಗಿಯಿತು. ಎಲ್ಲರೂ ಕಣ್ಣು ತೆರೆದರು. ಆಮೇಲೆ ಕೆಳಗೆ ನೋಡಿದರು.

ಗೋಧಿಬಣ್ಣ. ಬೆಟ್ಟಪ್ಪನದ್ದು ಗೋಧಿಬಣ್ಣ, ಅಕ್ಕನದ್ದು ಗೋಧಿಬಣ್ಣ, ಉಳಿದ ಹಸುಗಳದ್ದು ಗೋಧಿಬಣ್ಣ, ಯಜಮಾನಿ ಹಿರೇಮುತ್ತಿಯದ್ದೂ ಅದೇ ಬಣ್ಣ. ಎಲ್ಲರ ಕಾಲೂ ಕಪಿಲೆಯ ಕಾಲು.

ಮುಖ ತಿರುಗಿಸೋಣವೆಂದರೆ ಯಾವ ಕಡೆ ತಿರುಗಿಸಿದರೂ ಅದೇ ಕಾಲು.

"ಅಣ್ಣಾ, ನಿನಗೂ ಊರದನದ ಸಂಬಂಧವಾ?" ಎಂದು ಕಪಿಲೆಯೇ ಕೇಳಿದಳು.

ಬೆಟ್ಟಪ್ಪ ಮೇಲೆ ನೋಡಿದ. ಗೇಟಿನ ಕಂಬದ ಮೇಲೆ ಲಾಂಗೂಲಯ್ಯ ಕೂತಿದ್ದ. ಕೊನೆಯ ದಿನದ ಬೆಲ್ಲವನ್ನೆಲ್ಲ ಮಡಿಲಲ್ಲಿ ಇಟ್ಟುಕೊಂಡು ಎದ್ದು ಓಡಲು ನೋಡುತ್ತಿದ್ದ. ಕೈ ತುಂಬ ಬೆಲ್ಲ. ಹಾಗಾಗಿ ಬಾಲವನ್ನು ಎತ್ತಿ ಹಿಡಿದುಕೊಳ್ಳಲು ಕೈ ಇರಲಿಲ್ಲ. ಬುಡದಿಂದ ಕುಚ್ಚಿನವರೆಗೆ ಬಿಳಿಮಣ್ಣು ಮೆತ್ತಿದ ಉದ್ದನೆಯ ಬಾಲ, ಕಂಬದಿಂದ ಇಳಿದು ಹಿರೇಮುತ್ತಿಯ ಮೂಗಿನ ಮುಂದೆ ತೂಗುತ್ತಿತ್ತು.

"ಲಾಂಗೂಲಯ್ಯನವರೇ," ಎಂದಳು ಹಿರೇಮುತ್ತಿ ಬಹಳ ಮರ್ಯಾದೆಯಿಂದ. "ಸ್ವಲ್ಪ ಹಂಗೇ ಇರಿ."

ನೆಕ್ಕಿದಳು. ಅವನು ಕಿರುಚಿ ಬಾಲ ಎಳೆದುಕೊಂಡ. ಜಾರಿ ಅಂಗಳದೊಳಗೇ ಬಿದ್ದ. ಬೆಲ್ಲದ ಉಂಡೆಗಳು ನಾಲ್ಕು ದಿಕ್ಕಿಗೆ ಉರುಳಿದವು. ಏಳುವಷ್ಟರಲ್ಲಿ ಸುತ್ತಲೂ ಕೊಂಬು. ಯಾರೂ ಅವನನ್ನು ಗುದ್ದಲಿಲ್ಲ, ತುಳಿಯಲಿಲ್ಲ. ಬರೀ ನೆಕ್ಕಿದರು. ಆದರೆ ಕಾಟಿಯ ನಾಲಿಗೆ ಎಂದರೆ ಬಡಗಿಯ ಅರದ ಹಾಗೆ. ಅದಕ್ಕೆ ಮೃದುವಾಗಿ ನೆಕ್ಕಲು ಬರುವುದಿಲ್ಲ.

"ಅಯ್ಯಯ್ಯೋ! ಬಿಡ್ರೋ! ಕಚಗುಳಿ! ಉರಿ! ಬಾಲ ಬಿಡ್ರೋ!"

"ನಿಜ ಹೇಳು," ಎಂದಳು ಕಪಿಲೆ. "ಡಾಕ್ಟರು ಏನು ಹೇಳಿದ್ರು?"

"ಎಲ್ಲಾ ಶುದ್ಧ ಅಂದ್ರು! ನೀವೂ ಶುದ್ಧ, ನಿಮ್ಮ ಕರೂನೂ ಶುದ್ಧ! ಅವರು ಕಾಲು ನೋಡೇ ಇಲ್ಲ, ಕಿವಿಯ ಚೂರು ನೋಡಿದ್ದು! ಹಳ್ಳದ ಹತ್ರ ಕಾಲು ನೋಡೋರೂ ಯಾರೂ ಇಲ್ಲ! ಬಿಡೇ ನನ್ನವ್ವಾ!"

"ಉಪ್ಪಿನ ಇಟ್ಟಿಗೆ?"

"ಪೊಟರೇಲಿದೆ! ಅತ್ತಿಮರದ ಪೊಟರೇಲಿ!"

ಬಿಟ್ಟರು. ಲಾಂಗೂಲಯ್ಯ ಕಂಬ ಹತ್ತಿ ಬೇಲಿ ಹಾರಿದ. ಹಾರುವಾಗ ಎಲ್ಲರೂ ನೋಡಿದರು. ಆ ಸೊಂಪಾದ ಬಾಲದ ಮೇಲೆ ಒಂದು ಕೂದಲೂ ಉಳಿದಿರಲಿಲ್ಲ. ಹಸಿ ಗೆಣಸಿನ ಹಾಗೆ ಬೋಳು ಬೋಳಾಗಿ ಹೊಳೆಯುತ್ತಿತ್ತು.

ಹಿರೇಮುತ್ತಿ ಕಪಿಲೆಯ ಹತ್ತಿರ ಬಂದಳು.

"ನಾನು ಹಾಕಿದ ಒಂದು ಕರುವಿಗೂ ಹುಟ್ಟುವಾಗ ಕಾಲುಚೀಲ ಇರಲಿಲ್ಲ ಮಗಳೇ," ಎಂದಳು. "ನೆನಪಿತ್ತು. ಹೇಳೋಕೆ ಧೈರ್ಯ ಇರಲಿಲ್ಲ."

"ಈಗ ಹೇಳಿದೆಯಲ್ಲ ದೊಡ್ಡವ್ವ," ಎಂದಳು ಕಪಿಲೆ. "ಇನ್ನು ನಡಿ. ಗೇಟು ಮುಚ್ಚಿಬಿಟ್ಟಾರು."

ಬೆಟ್ಟಪ್ಪ ಗೇಟಿನಿಂದ ಪಕ್ಕಕ್ಕೆ ಸರಿದು ನಿಂತ. "ನೀನು ಮುಂದೆ ನಡಿ ತಂಗೀ."

"ಹಿಂದಕ್ಕೆ ಹೋಗು ಅಂದಿದ್ದೆ?"

ಬೆಟ್ಟಪ್ಪ ತಲೆ ಕೆಳಗೆ ಹಾಕಿದ. ಹಾಕಿದರೆ ಮತ್ತೆ ಅದೇ ಗೋಧಿಬಣ್ಣದ ಕಾಲು ಕಂಡಿತು. ಪಾಪ, ತಲೆ ಎತ್ತಿಕೊಂಡ.

ಹಿಂಡು ಹೊರಟಿತು. ಹಳ್ಳದ ಹತ್ತಿರ ನಿಜವಾಗಿಯೂ ಕಾಡಿನ ಕಾಟಿಗಳು ನೀರು ಕುಡಿಯುತ್ತಿದ್ದವು. ಅವುಗಳ ಕಾಲು ಹೊಟ್ಟೆಯವರೆಗೂ ಕೆಸರಿನಲ್ಲಿ ಮುಳುಗಿತ್ತು; ಬಣ್ಣ ನೋಡುವ ಮಾತೆಲ್ಲಿ ಬಂತು? ಅವುಗಳ ಯಜಮಾನಿ ತಲೆಯೆತ್ತಿ ಹೊಸಬರನ್ನು ನೋಡಿದಳು. ಮೂಗು ಅರಳಿಸಿ ಗಾಳಿ ಹಿಡಿದಳು.

"ಉಪ್ಪು ನೆಕ್ಕಿ ಬಂದಿದ್ದೀರಿ," ಎಂದಳು. "ಕರು ಇದೆಯಾ?"

ಕಪಿಲೆ ಹೊನ್ನನನ್ನು ಪಕ್ಕಕ್ಕೆ ಒತ್ತಿಕೊಂಡಳು. "ಒಂದು ಇದೆ. ಕಾಲುಚೀಲ ಇನ್ನೂ ಬಂದಿಲ್ಲ."

"ಅದನ್ನ ಯಾರು ಕೇಳಿದ್ರು? ಈ ಕಡೆ ಹುಲಿ ಓಡಾಡ್ತಾ ಇದೆ. ಕರೂನ ಅಂಚಲ್ಲಿ ಬಿಟ್ಕೊಂಡು ನಡೀತಾರೇನಮ್ಮಾ? ನಡುವೆ ಹಾಕು, ನಡುವೆ!"

ಹಿರೇಮುತ್ತಿ ಒಂದು ಪಕ್ಕ ಬಂದಳು. ಅಕ್ಕ ಇನ್ನೊಂದು ಪಕ್ಕ. ಬೆಟ್ಟಪ್ಪ ಹಿಂದೆ. ಹೊನ್ನ ನಡುವೆ ಸೇರಿಕೊಂಡ. ಅಷ್ಟು ಜನ ದೊಡ್ಡವರ ನಡುವೆ ಅವನಿಗೆ ಏನೂ ಕಾಣುತ್ತಿರಲಿಲ್ಲ, ಕೆಳಗಿನ ನೆಲವೊಂದನ್ನು ಬಿಟ್ಟು. ಆ ನೆಲದಲ್ಲಿ ಏನೋ ಮೊನಚಾಗಿ ಮೊಳೆತು ನಿಂತಿತ್ತು. ಕಚ್ಚಿ ನೋಡಿದ.

"ಅಮ್ಮಾ! ಇದೇನಿದು?"

ಕಪಿಲೆ ನೋಡಿದಳು. ಅವಳೂ ಅದನ್ನು ಮೊದಲ ಸಲ ಕಾಣುತ್ತಿದ್ದಳು. ಆದರೂ ಗುರುತು ಹಿಡಿದಳು.

"ಬಿದಿರು," ಎಂದಳು. "ತಿನ್ನು."

ಲಾಂಗೂಲಯ್ಯನ ಕಥೆ ಏನಾಯಿತು ಎಂದು ಕೇಳುತ್ತೀರಿ, ಗೊತ್ತು. ಅವನು ಓಡಿ ತನ್ನ ಗುಂಪಿನ ಮರಕ್ಕೆ ಹೋದ. ಗುಂಪಿನ ಮುದಿ ಮುಸುವ ಕೊಂಬೆಯ ಮೇಲಿಂದ ಬಗ್ಗಿ, ಆ ಬೋಳು ಬಾಲವನ್ನು ತುದಿಯಿಂದ ಬುಡದವರೆಗೆ ನೋಡಿ, "ಯಾರಪ್ಪಾ ನೀನು? ನಮ್ಮ ಪೈಕಿ ಅಲ್ಲ ಅನ್ನಿಸ್ತದೆ. ಇಲಿಯ ಬೆರಕೆಯಾ?" ಎಂದು ಕೇಳಿದ. ಕೂದಲು ಮತ್ತೆ ಬೆಳೆಯುವ ತನಕ ಲಾಂಗೂಲಯ್ಯ ಬೇರೆ ಮರದಲ್ಲಿ ಒಂಟಿಯಾಗಿ ಕೂತಿದ್ದ.

ಟೀ ಕುಡಿದು ಬಂದ ಜಡೆಮಾದು ಮತ್ತು ಡಾಕ್ಟರಿಗೆ ಸಿಕ್ಕಿದ್ದು ಖಾಲಿ ಅಂಗಳ, ಚೆಲ್ಲಿದ ಬೆಲ್ಲ, ಒಂದು ಹಿಡಿ ಬೂದುಬಣ್ಣದ ಕೂದಲು. ಇದೆಲ್ಲ ಹೇಗಾಯಿತೆಂದು ಅವರಿಗೆ ಇಂದಿಗೂ ತಿಳಿದಿಲ್ಲ. ಕಂದಕದಾಚೆ ಜನ ನಿಂತಿದ್ದರೆ ಯಾರಾದರೂ ಕಂಡು ಹೇಳುತ್ತಿದ್ದರೋ ಏನೋ. ಆದರೆ ಅಂದು ಮೃಗಾಲಯಕ್ಕೆ ವಾರದ ರಜೆ: ಜೂನ್ ತಿಂಗಳ ಹನ್ನೊಂದನೆಯ ತಾರೀಕು, ಮಂಗಳವಾರ.

ನೀತಿ: ತಮ್ಮ ಕುಂದನ್ನು ಮುಚ್ಚಿಡಲು ಇನ್ನೊಬ್ಬರನ್ನು ದೂರುವವರು ಮೋಸಗಾರನನ್ನು ತಾವೇ ಸಾಕುತ್ತಾರೆ, ಬಚ್ಚಿಡಲು ಏನೂ ಇಲ್ಲದವರಿಗೆ ಅವನು ಏನೂ ಮಾಡಲಾರ.